ಆರಾಮದಲ್ಲಿ ರಾಮನಿದ್ದಾನೆಯೇ?

ದೋಷದ ಸಂದೇಶ ತೋರಿಸಿ ನಿಂತುಹೋಗುವ ಪ್ರೋಗ್ರಾಂ ಇಟ್ಟುಕೊಂಡು ಪಾಠ ಮಾಡುವುದು ಸುಲಭ. ಯಾವ ಸಾಲು ಎಂದು ಪೈಥಾನ್ ತಾನೇ ಹೇಳುತ್ತದೆ. ದೂರಿಲ್ಲದೆ ಓಡಿ ತಪ್ಪು ಉತ್ತರ ಕೊಡುವ ಪ್ರೋಗ್ರಾಂ ಹಾಗಲ್ಲ. ಅಲ್ಲಿ ಮಗು ತನ್ನನ್ನೇ ಅನುಮಾನಿಸತೊಡಗುತ್ತದೆ.

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ನಾನು ಕೊಟ್ಟ ಚಟುವಟಿಕೆ: ಇಪ್ಪತ್ತು ಜಾಲತಾಣ ವಿಳಾಸಗಳನ್ನು ಸಾಮಾಜಿಕ ಮಾಧ್ಯಮ, ಮನರಂಜನೆ, ಕಲಿಕೆ ಎಂದು ವಿಂಗಡಿಸುವುದು. ಒಬ್ಬ ವಿದ್ಯಾರ್ಥಿನಿಯ ಪ್ರೋಗ್ರಾಂ ಹತ್ತೊಂಬತ್ತನ್ನು ಸರಿಯಾಗಿ ವಿಂಗಡಿಸಿ, ನೆಟ್‌ಫ್ಲಿಕ್ಸ್.ಕಾಮ್ ಅನ್ನು ಮಾತ್ರ ಸಾಮಾಜಿಕ ಮಾಧ್ಯಮಕ್ಕೆ ಸೇರಿಸಿತು. ಎಷ್ಟು ಸಲ ನೋಡಿದರೂ ಕಾಗುಣಿತ ಸರಿಯಾಗಿಯೇ ಇತ್ತು. "ಕನ್ನಡ ಮೀಡಿಯಂನವ್ರಿಗೆ ಇದೆಲ್ಲ ಬರಲ್ಲ ಮಿಸ್" ಎಂದು ಕೀಬೋರ್ಡ್ ದೂಡಿದಳು.

ಉತ್ತರ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಆ ಮಾತು ಅವಳಲ್ಲೇ ಉಳಿಯುತ್ತಿತ್ತು. "ಯಾವ ಹೆಸರು ಸಿಕ್ಕಿದ್ದಕ್ಕೆ ಈ ಗುಂಪಿಗೆ ಹಾಕಿದೆ ಅಂತ ಅದನ್ನೇ ಕೇಳು" ಎಂದೆ. ಒಂದು ಪ್ರಿಂಟ್ ಸಾಲು ಸೇರಿಸಿದಳು. ಪರದೆಯಲ್ಲಿ ಬಂದದ್ದು ಎಕ್ಸ್.ಕಾಮ್.

"'ಆರಾಮ'ದಲ್ಲಿ 'ರಾಮ' ಇದ್ದಾನಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು ನಕ್ಕಳು. "ಅಕ್ಷರ ಇದೆ ಮಿಸ್, ರಾಮ ಇಲ್ಲ."

ಪೈಥಾನಿನ 'ಇನ್' ನೋಡುವುದು ಅಷ್ಟನ್ನೇ: ಈ ಅಕ್ಷರಗಳು ಇದೇ ಕ್ರಮದಲ್ಲಿ ಒಳಗೆಲ್ಲಾದರೂ ಇವೆಯೇ? ನೆಟ್‌ಫ್ಲಿಕ್ಸ್‌ನ ಕೊನೆಯ ಇಂಗ್ಲಿಷ್ ಅಕ್ಷರ ಎಕ್ಸ್, ಅದರ ಹಿಂದೆಯೇ ಡಾಟ್ ಕಾಮ್. ಮನರಂಜನೆಯ ಪಟ್ಟಿಯನ್ನು ಮೊದಲು ಪರೀಕ್ಷಿಸಿದರಾಯಿತು ಎಂದ ಪಕ್ಕದ ಹುಡುಗ. ನೆಟ್‌ಫ್ಲಿಕ್ಸ್ ಸರಿಹೋಯಿತು. ನಾನು ಫೆಡೆಕ್ಸ್.ಕಾಮ್ ಕೊಟ್ಟೆ, ಪಾರ್ಸೆಲ್ ಕಂಪನಿ ಸಾಮಾಜಿಕ ಮಾಧ್ಯಮವಾಯಿತು. 'ಎಂಡ್ಸ್‌ವಿತ್' ಬಳಸಿ ಕೊನೆಯನ್ನಷ್ಟೇ ನೋಡಿದರೂ ಫಲವಿಲ್ಲ, ಎರಡೂ ಹೆಸರು ಎಕ್ಸ್.ಕಾಮ್ ಎಂದೇ ಮುಗಿಯುತ್ತವೆ. ಕೊನೆಗೆ ದಾರಿ ಕಂಡವಳು ಅವಳೇ: 'ಯುಆರ್‌ಎಲ್‌ಪಾರ್ಸ್'ನಿಂದ ಹೋಸ್ಟ್ ಹೆಸರನ್ನು ಬೇರ್ಪಡಿಸಬೇಕು, ಅದು ಪೂರ್ತಿ ಎಕ್ಸ್.ಕಾಮ್ ಆಗಿರಬೇಕು, ಇಲ್ಲವೇ ಎಕ್ಸ್.ಕಾಮ್ ಹಿಂದೆ ಒಂದು ಚುಕ್ಕಿ ಇರಬೇಕು. ಇಡೀ ಪಾಠ ಆ ಒಂದು ಚುಕ್ಕಿಯಲ್ಲಿತ್ತು.

ಗಂಟೆ ಹೊಡೆದ ಮೇಲೂ ಅವಳು ಏಳಲಿಲ್ಲ. 'ಮೈಸೂರು' ಪದದಲ್ಲಿ 'ಊರು' ಇದೆಯೇ ಎಂದು ಕನ್ನಡದಲ್ಲೇ ಕೇಳಿದ್ದಳು, ಪೈಥಾನ್ ಇಲ್ಲವೆಂದಿತು. ಕಿವಿಗೆ ಒಂದೇ ಆದರೂ ಯೂನಿಕೋಡ್‌ನಲ್ಲಿ ಊ ಸ್ವರಕ್ಕೂ ಸೂ ಅಕ್ಷರದ ಗುಣಿತ ಚಿಹ್ನೆಗೂ ಬೇರೆ ಬೇರೆ ಸಂಖ್ಯೆ. ಆ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ, ಪಠ್ಯಪುಸ್ತಕದಲ್ಲೂ ಇಲ್ಲ. ಕನ್ನಡದಲ್ಲಿ ಓದಿ ಬರೆಯುವ ಹುಡುಗಿಗೇ ಅದು ಹೊಳೆಯಬೇಕು.

ಪಾಠಯೋಜನೆಯ ಮೂರನೇ ಚಟುವಟಿಕೆ ಅಂದು ಉಳಿದುಹೋಯಿತು. ಈಗ ಪ್ರತಿ ಪ್ರೋಗ್ರಾಮಿಂಗ್ ಪಾಠಕ್ಕೂ ಫೆಡೆಕ್ಸ್‌ನಂಥ ಒಂದು ಉದಾಹರಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಸರಿ ಎನಿಸಿದ ಉತ್ತರವನ್ನು ಮಕ್ಕಳು ತಾವೇ ಕೆಡವಿ ನೋಡಲು ಅದೊಂದು ಸಾಕು.