ಅರ್ಧ ಕಿಲೋ ಧೈರ್ಯ

ಅರುವತ್ತು ದಾಟಿದ ಮೇಲೆ ಮನುಷ್ಯನಿಗೆ ಹುಟ್ಟುವ ಆಸೆಗಳು ವಿಚಿತ್ರ. ಕೆಲವರು ವೀಣೆ ಕಲಿಯಲು ಹೊರಡುತ್ತಾರೆ, ಕೆಲವರು ಕಾಶಿಗೆ ಹೊರಡುತ್ತಾರೆ. ವಿಜಯನಗರದಲ್ಲಿ ನಮ್ಮ ಎದುರುಮನೆಯ ಮಿತ್ರರಿಗೆ ರಿವಾಲ್ವರು ಕೊಳ್ಳುವ ಆಸೆ ಹುಟ್ಟಿತು. ಅದೂ ಎಂಥದು? ಹಗುರವಾಗಿರಬೇಕು, ಗಿಡ್ಡವಾಗಿರಬೇಕು, ಷರಾಯಿಯ ಜೇಬಿನಲ್ಲಿಟ್ಟುಕೊಂಡು ಮಾರುತಿ ಮಂದಿರದವರೆಗೆ ಹೋಗಿ ಬಂದರೂ ಜೊತೆಗಿರುವ ಹೆಂಡತಿಗೆ ಸಹ ತಿಳಿಯಬಾರದು.

ನಗುವಂತಿರಲಿಲ್ಲ. ಸ್ವಲ್ಪ ದಿನದ ಹಿಂದೆ ಆ ಹೆಂಗಸಿನ ಕೊರಳಿನಿಂದ ಬೈಕಿನ ಹುಡುಗರಿಬ್ಬರು ಸರ ಕಿತ್ತುಕೊಂಡು ಹೋಗಿದ್ದರು. ಪಕ್ಕದಲ್ಲೇ ಇದ್ದ ನಮ್ಮ ಮಿತ್ರರಿಗೆ "ಅಯ್ಯೋ" ಎನ್ನುವುದರ ಹೊರತು ಏನೂ ಮಾಡಲಾಗಲಿಲ್ಲ. ಆಕೆಯ ಕೊರಳಿನ ಗಾಯ ಹತ್ತು ದಿನದಲ್ಲಿ ಮಾಯಿತು, ಇವರದು ಮಾಯಲಿಲ್ಲ.

ಸಲಹೆಗೆ ನನ್ನನ್ನೇ ಹಿಡಿದುದಕ್ಕೆ ಕಾರಣವಿದೆ. ನಾನು ಬಹಳ ವರ್ಷ ಮಡಿಕೇರಿಯಲ್ಲಿ ಸರ್ಕಾರಿ ಗುಮಾಸ್ತನಾಗಿದ್ದು ಕೋವಿಗಳ ದಫ್ತರ ಬರೆದವನು. ಕೋವಿಯ ದಫ್ತರ ಬರೆದವನಿಗೆ ಕೋವಿಯೂ ಗೊತ್ತೆಂದು ಜನ ನಂಬುತ್ತಾರೆ. ಜನನ-ಮರಣದ ದಫ್ತರ ಬರೆದವನನ್ನು ಮಾತ್ರ ಯಾರೂ ವೈದ್ಯನೆನ್ನುವುದಿಲ್ಲ!

ಮಿತ್ರರು ತಮ್ಮ ಮೊಬೈಲಿನಲ್ಲಿ ಅಮೆರಿಕದ ಚಿತ್ರಗಳನ್ನು ಕೂಡಿಸಿಟ್ಟಿದ್ದರು. ಸ್ಮಿತ್ ಅಂಡ್ ವೆಸ್ಸನ್ ಕಂಪನಿಯವರು 1950ರಲ್ಲಿ ಹೊರತಂದ ಐದು ಗುಂಡಿನ ಗಿಡ್ಡ ರಿವಾಲ್ವರು, ಅದರ ಅಲ್ಯೂಮಿನಿಯಂ ಮೈಯ ತಮ್ಮಂದಿರು, ಎಲ್ಲ ಅಂಗೈಯಗಲದವು. ಆದರೆ ಅವು ಪಾಯಿಂಟ್ 38ರ ನಳಿಗೆಯವು. ನಮ್ಮ ದೇಶದಲ್ಲಿ ಆ ಅಳತೆ ಜನಸಾಮಾನ್ಯರಿಗೆ ನಿಷಿದ್ಧ. ನಮಗೆ ಉಳಿಯುವುದು ಮುಖ್ಯವಾಗಿ ಪಾಯಿಂಟ್ 32. ಅದರಲ್ಲಿ ಹಗುರವಾದದ್ದು ಬೇಕೆಂದರೆ 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದ 'ನಿರ್ಭೀಕ್'. 2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಆ ಘೋರ ಕೃತ್ಯದ ನಂತರ, ಹೆಂಗಸರ ಕೈಚೀಲಕ್ಕೆಂದು ಹೇಳಿ ಮಾಡಿದ್ದು. ಟೈಟಾನಿಯಂ ಬೆರಕೆಯ ಲೋಹ, ಆರು ಗುಂಡು, ಐನೂರು ಗ್ರಾಂ ತೂಕ. ಬಿಡುಗಡೆಯಾದಾಗಲೇ ಬೆಲೆ 1 ಲಕ್ಷ 22 ಸಾವಿರ. ಅಷ್ಟು ಹಣವಿರುವ ಹೆಂಗಸು ಅಂದು ದಿಲ್ಲಿಯ ಬಸ್ಸಿಗೆ ಕಾಯುತ್ತಿರಲಿಲ್ಲ. ಆ ಮಾತು ಬಿಡಿ.

"ಅರ್ಧ ಕಿಲೋ! ಒಂದು ಸಕ್ಕರೆ ಪೊಟ್ಟಣ!" ಎಂದು ಮಿತ್ರರು ಹಿಗ್ಗಿದರು.

ಇಲ್ಲೇ ತೊಡಕು. ಅದೇ ಗುಂಡು, ಅದೇ ಮದ್ದು ಇಟ್ಟು ಆಯುಧದ ತೂಕವನ್ನು ಮಾತ್ರ ಅರ್ಧ ಮಾಡಿದರೆ ಅದು ಹಿಂದಕ್ಕೆ ಒದೆಯುವ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಮ್ಮ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ನ್ಯೂಟನ್ನನ ನಿಯಮವೇ ಇದು. ಲೋಹದಲ್ಲಿ ಉಳಿಸಿದ ತೂಕವನ್ನು ಅಂಗೈ ತೆರಬೇಕು. ನಳಿಗೆ ಗಿಡ್ಡವಾದಷ್ಟೂ ಗುರಿಗಣ್ಣಿಗೂ ಗುರಿಗೂ ನಡುವಿನ ತಪ್ಪು ದೊಡ್ಡದು. ಜೇಬಿಗೆ ಸುಖವಾದದ್ದೆಲ್ಲ ಕೈಗೆ ಕಷ್ಟ. ಸುಖವಿಲ್ಲದ ಆಯುಧದಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದವನ ಹಗುರ ರಿವಾಲ್ವರು ಬೀದಿಗೆಲ್ಲ ಅಪಾಯ.

ಮಾತಿನಲ್ಲಿ ಒಪ್ಪದ ಮಿತ್ರರನ್ನು ಬಸವೇಶ್ವರನಗರದಲ್ಲಿರುವ ಕೊಡಗಿನ ಸ್ನೇಹಿತರ ಮನೆಗೆ ಕರೆದೊಯ್ದೆ. ಅವರಲ್ಲಿ ಪರವಾನಗಿಯ ಹಳೆಯ ಪಾಯಿಂಟ್ 32 ಇದೆ, ಉಕ್ಕಿನದು, ಭಾರ. ಅವರು ಅದನ್ನು ತೆರೆದು, ಆರೂ ಗೂಡು ಖಾಲಿಯೆಂದು ತಾವು ನೋಡಿ, ನಮಗೂ ತೋರಿಸಿ, ಗೋಡೆಯ ಕಡೆ ತಿರುಗಿಸಿ ಕೊಟ್ಟರು. ಮಿತ್ರರು ಕುದುರೆಯನ್ನು ಮೊದಲೇ ಎಳೆಯದೆ ಕೀಲಿಯನ್ನೇ ಒತ್ತಿದರು. ಬೆರಳು ಅರ್ಧದಾರಿಯಲ್ಲಿ ನಿಂತಿತು. ಎರಡನೆಯ ಕೈ ಸೇರಿಸಿದ ಮೇಲೆ 'ಟಕ್' ಎಂದಿತು. ಅಷ್ಟರಲ್ಲಿ ಗೋಡೆಯ ಕ್ಯಾಲೆಂಡರಿನಿಂದ ಕಿಟಕಿಯವರೆಗೆ ಗುರಿ ಒಂದು ಸುತ್ತು ತಿರುಗಿಬಂದಿತ್ತು.

ಕೊಡಗಿನವರು ನಗಲಿಲ್ಲ. "ಇದನ್ನು ಬಚ್ಚಿಟ್ಟುಕೊಂಡು ತಿರುಗುವುದೇಕೆ?" ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1963ರಿಂದ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಅಲ್ಲಿನ ಕೋವಿ ಊರಿಗೆಲ್ಲ ಕೇಳಲೆಂದೇ ಇರುವುದು. ಯಾರ ಮನೆಯಲ್ಲಿದೆ ಎಂಬುದು ಊರಿಗೂ ಗೊತ್ತು, ನನ್ನ ದಫ್ತರಕ್ಕೂ ಗೊತ್ತಿತ್ತು. ಜೇಬಿನ ರಿವಾಲ್ವರಿಗೆ ಈ ಊರೂ ಇಲ್ಲ, ಹಬ್ಬವೂ ಇಲ್ಲ.

ಹಿಂದಿರುಗುವಾಗ ಸಂಜೆಯಾಗಿತ್ತು. ವಿಜಯನಗರದ ಮೆಟ್ರೋ ನಿಲ್ದಾಣದ ಕೆಳಗೆ ಜನ ತೇರಿಗೆ ಕೂಡಿದಂತಿದ್ದರು. ಬೈಕು ಓಡುತ್ತಿದೆ, ನೀವು ಜೇಬಿನಿಂದ ತೆಗೆದಿರಿ ಎನ್ನಿ. 2016ರ ನಿಯಮದಂತೆ ಅದು ಪೂರ್ತಿ ಮುಚ್ಚಿದ ಒರೆಯಲ್ಲಿರಬೇಕು. ಕುದುರೆಯ ಕೊಂಬು ಬಟ್ಟೆಗೆ ಸಿಕ್ಕಿಕೊಳ್ಳದೆ ಬಂತು ಎನ್ನೋಣ. ಬೈಕಿನ ಆಚೆ ಹೂ ಮಾರುವವಳಿದ್ದಾಳೆ, ಅವಳ ಆಚೆ ಟ್ಯೂಷನ್ನಿನಿಂದ ಬರುವ ಮಕ್ಕಳು. ಇನ್ನು ಕಾನೂನು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಅಗತ್ಯ ಮೀರಿದ ಹಾನಿಗೆ ಕೊಡುವುದಿಲ್ಲ. ಸರ ಕಿತ್ತು ಓಡುವವನ ಬೆನ್ನಿಗೆ ಹೊಡೆದವರು ಸರಕ್ಕಿಂತ ದೊಡ್ಡದನ್ನು ಕಳೆದುಕೊಂಡಾರು.

ಇಷ್ಟಾದರೂ ಕೊಳ್ಳಲೇಬೇಕಾದ ಕೆಲವರು ಇದ್ದಾರೆಂದು ನಾನು ಬಲ್ಲೆ. ಒಂಟಿ ತೋಟದ ಮನೆಯವರು, ನಿಜವಾಗಿ ಜೀವಬೆದರಿಕೆ ಇರುವವರು. ಅಂಥವರಿಗೆ ನನ್ನ ಮಾತು ಒಂದೇ: ಕೈಗೆ ಒಗ್ಗುವಷ್ಟು ಭಾರವಿರುವುದನ್ನು ಕೊಳ್ಳಿ, ಪರವಾನಗಿಗೆ ಬೇಕಾದ ತರಬೇತಿಯನ್ನು ಕಾಟಾಚಾರಕ್ಕೆ ಮಾಡಬೇಡಿ, ಮನೆಯಲ್ಲಿ ಮೊಮ್ಮಗನಿದ್ದರೆ ಬೀಗದ ಪೆಟ್ಟಿಗೆ ಮೊದಲು, ರಿವಾಲ್ವರು ಆಮೇಲೆ. ಚುನಾವಣೆ ಬಂದಾಗ ಠಾಣೆಯವರು ಕೇಳಿದರೆ ಒಪ್ಪಿಸಲು ಸಿದ್ಧರಾಗಿರಿ.

ಮಿತ್ರರು ಪೊಲೀಸ್ ಕಮಿಷನರರ ಕಚೇರಿಗೆ ಸಲ್ಲಿಸಬೇಕಾದ ಅರ್ಜಿಯನ್ನು ತಂದಿಟ್ಟುಕೊಂಡಿದ್ದಾರೆ, ತುಂಬಿಲ್ಲ. ಮೊನ್ನೆ ಹಾಲಿನ ಬೂತಿನ ಬಳಿ ಸಿಕ್ಕಿ ಗುಟ್ಟಾಗಿ ಕೇಳಿದರು:

"ಇಛಾಪುರದಲ್ಲಿ ಮಾಡಿದ 'ನಿಡರ್' ಅಂತ ಒಂದಿದೆಯಂತೆ. ಪಾಯಿಂಟ್ 22. ಬರೀ 250 ಗ್ರಾಂ!"

"ಗುಂಡೂ ಅಷ್ಟೇ ಚಿಕ್ಕದು," ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡು ಹೇಗಾದರೂ ಇರಲಿ, ಸದ್ದು ಜೋರಾಗಿ ಬರುತ್ತದಲ್ಲವೆ?" ಎಂದರು.