ನಂಬಿಕೆ ನಡೆದು ಬರುವ ದಾರಿ

ಚರ್ಚು ಹೇಗೆ ಬೆಳೆಯುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎರಡೇ ಉತ್ತರ ಸಿಗುತ್ತವೆ. ವಿರೋಧಿಗಳು ಆಮಿಷ ಎನ್ನುತ್ತಾರೆ, ವಿಶ್ವಾಸಿಗಳು ಪವಾಡ ಎನ್ನುತ್ತಾರೆ. ಸಂಶೋಧನೆಗೆಂದು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಓಡಾಡುವ ನನಗೆ ಎರಡೂ ಸಾಲವು ಅನ್ನಿಸಿದೆ.

ಹೊರಗಿನ ಧರ್ಮಸಂದೇಶ ಈ ನೆಲಕ್ಕೆ ಹೊಸದಲ್ಲ. ಕ್ರಿಸ್ತನಿಗಿಂತ ಎರಡು ಶತಮಾನಕ್ಕೂ ಹಿಂದೆಯೇ ಅಶೋಕನ ಮಾತು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳನ್ನು ಏರಿತ್ತು. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂಬ ಸರಳ ಮಾತುಗಳವು. ಆದರೆ ಭಾಷೆ ಪ್ರಾಕೃತ. ಕಾಲ ಕಳೆದಂತೆ ಓದುವವರೇ ಇಲ್ಲವಾಗಿ, 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ರೈಸರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು.

ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಪಕ್ಕದ ಬಳ್ಳಾರಿಗೆ ಬಂದವರು, ಮೊದಲು ಕನ್ನಡ ಕಲಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅನುವಾದಕರು ಹೊಸ ಪದಗಳನ್ನು ಹುಟ್ಟಿಸುವುದಕ್ಕಿಂತ ಇಲ್ಲಿದ್ದ ಪದಗಳನ್ನೇ ಎತ್ತಿಕೊಂಡರು: ದೇವರು, ಕೃಪೆ, ಸಭೆ. ಚರ್ಚಿಗೆ ನಾವಿಟ್ಟ ಹೆಸರುಗಳಲ್ಲೇ ಅದು ಬಂದ ದಾರಿಗಳು ಕಾಣುತ್ತವೆ. ಕರಾವಳಿಯ ‘ಇಗರ್ಜಿ’ ಪೋರ್ಚುಗೀಸರಿಂದ ಕೊಂಕಣಿಯ ಮೂಲಕ ಬಂತು. ಪ್ರಾಟೆಸ್ಟೆಂಟರ ‘ಸಭೆ’ಯಲ್ಲಿ ಕಟ್ಟಡಕ್ಕಿಂತ ಕೂಡಿದ ಜನ ಮುಖ್ಯ. ಕ್ಯಾಥೊಲಿಕರು ‘ದೇವಾಲಯ’ ಎಂದೇ ಕರೆಯುತ್ತಾರೆ.

ಭಾಷೆಯಿಂದ ಮಾತ್ರ ಹೊಟ್ಟೆ ತುಂಬುವುದಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ, ಕ್ರೈಸ್ತರಾದವರಲ್ಲಿ ಅನೇಕರು ಮನೆ, ಬಂಧುಗಳು, ಕಸುಬು ಎಲ್ಲವನ್ನೂ ಕಳೆದುಕೊಂಡರು. ಶೇಂದಿ ಇಳಿಸುವ ಕೆಲಸವನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹಾಗಾಗಿ ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಇದನ್ನು ಆಮಿಷ ಎನ್ನುವವರು, ಆ ಜನ ಮೊದಲು ಏನು ಕಳೆದುಕೊಂಡರು ಎಂಬುದನ್ನೂ ಲೆಕ್ಕ ಹಿಡಿಯಬೇಕು.

ಮೂರನೆಯ ದಾರಿ ನೆಂಟಸ್ತನದ್ದು. ಭಾರತದಲ್ಲೇ ಹುಟ್ಟಿ ಇಲ್ಲೇ ದುಡಿದ ಅಮೆರಿಕನ್ ಮಿಷನರಿ ಡೊನಾಲ್ಡ್ ಮೆಕ್‌ಗಾವ್ರನ್ 1955ರಲ್ಲಿ ಒಂದು ಪುಸ್ತಕ ಬರೆದರು. ಜನ ಒಬ್ಬೊಬ್ಬರಾಗಿ ಅಲ್ಲ, ಬಂಧುಬಳಗದ ಜೊತೆಗೆ ಕ್ರೈಸ್ತರಾಗುತ್ತಾರೆ. ಜಾತಿ, ಭಾಷೆಯ ಗೋಡೆ ದಾಟದೆಯೇ ಬರಲು ಬಯಸುತ್ತಾರೆ ಎಂಬುದು ಅವರ ವಾದ. ಈ ಸೀಮೆಯವರಿಗೆ ಇದು ಅಚ್ಚರಿಯಲ್ಲ. ಇಲ್ಲಿನ ಮ್ಯಾಸಬೇಡರಿಗೆ ಪೆಟ್ಟಿಗೆ ದೇವರುಗಳಿವೆ. ದನ ಮೇಯಿಸುತ್ತ ಅಲೆದ ಜನರ ದೇವರು ಹೊತ್ತೊಯ್ಯಲು ಹಗುರವಾಗಿರಬೇಕು. ಮನೆಮಾತು ತೆಲುಗಾಗಲಿ ಕನ್ನಡವಾಗಲಿ, ಬೆಡಗು ಹೋದಲ್ಲಿಗೆ ದೇವರೂ ಹೋಗುತ್ತದೆ.

ನನ್ನನ್ನು ಕಾಡುವುದು ಇದೇ. ನೆಂಟಸ್ತನದ ದಾರಿಯಲ್ಲಿ ನಂಬಿಕೆ ಬೇಗ ನಡೆಯುತ್ತದೆ, ಆದರೆ ಜಾತಿಯೂ ಅದೇ ದಾರಿಯಲ್ಲಿ ಹಿಂದೆಯೇ ಬರುತ್ತದೆ. ತಮಿಳುನಾಡಿನ ಕೆಲವು ಕಡೆ ಒಂದೇ ಚರ್ಚಿಗೆ ಸೇರಿದವರಿಗೂ ಸತ್ತ ಮೇಲೆ ಬೇರೆ ಬೇರೆ ಮಣ್ಣು. ಇತ್ತ ಕಾನೂನಿನ ಪ್ರಕಾರ, 1950ರ ರಾಷ್ಟ್ರಪತಿ ಆದೇಶದಂತೆ, ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಕಾಗದದಲ್ಲಿ ಜಾತಿ ಹೋಯಿತು, ಕೇರಿ ಮಾತ್ರ ಇದ್ದಲ್ಲೇ ಇದೆ.

ಆದ್ದರಿಂದ ಚರ್ಚುಗಳು ಎಷ್ಟಾದವು ಎಂಬ ಲೆಕ್ಕ ನನ್ನ ಕುತೂಹಲ ತಣಿಸುವುದಿಲ್ಲ. ಭಾನುವಾರ ಒಂದೇ ರೊಟ್ಟಿ ಮುರಿದು ಹಂಚಿಕೊಂಡವರು ಸೋಮವಾರ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣುತ್ತಾರೆಯೇ, ಹೆಣ್ಣು ಕೊಟ್ಟು ತರುತ್ತಾರೆಯೇ? ಈ ಪ್ರಶ್ನೆ ಪಾದ್ರಿಗೆ ಮಾತ್ರವಲ್ಲ, ಪೂಜಾರಿಗೂ ಸ್ವಾಮೀಜಿಗೂ ಸೇರಿದ್ದು. ಮತಾಂತರದ ಜಗಳದಲ್ಲಿ ಇದನ್ನು ಕೇಳುವವರು ಕಡಿಮೆ.