ಚಿನ್ನದ ಪದಕವೋ, ಮೆಸ್ ಬಿಲ್ಲೋ?

ಸಂಘದ ವಿದ್ಯಾನಿಧಿಯಿಂದ ನಮ್ಮ ನಾಡಿನ ವಿಶ್ವವಿದ್ಯಾನಿಲಯವೊಂದರಲ್ಲಿ ಚಿನ್ನದ ಪದಕ ಇಡಬೇಕೆಂಬ ಸಲಹೆ ಬಂದಿದೆ. ನಮಗಿದು ಅಷ್ಟಾಗಿ ರುಚಿಸಲಿಲ್ಲ. ಪದಕ ಸಿಗುವುದು ಓದು ಮುಗಿಸಿದವರಿಗೆ, ನಡುವೆ ಬಿಟ್ಟುಹೋದವರಿಗಲ್ಲ.

ಹಿರಿಯರಿಗೆ ವಾರಾನ್ನ ನೆನಪಿರಬಹುದು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. (ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ, ಅದನ್ನೂ ಹೇಳಬೇಕು.) 2019ರಲ್ಲಿ ಲಿಂಗೈಕ್ಯರಾದ ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಎರಡನ್ನೂ ಕೊಟ್ಟರು. ಓದಬೇಕಾದರೆ ಮೊದಲು ಹೊಟ್ಟೆ ತುಂಬಬೇಕೆಂದು ಇವರಿಗೆಲ್ಲ ಗೊತ್ತಿತ್ತು.

ನಾವು ಎಂ.ಎಸ್ಸಿ. ಓದುವಾಗ ಬಡವರಿಗೆ ಫೀಸಿನಲ್ಲಿ ರಿಯಾಯಿತಿ ಇತ್ತು, ಮೆಸ್ಸಿನಲ್ಲಿ ಇರಲಿಲ್ಲ. ಪಕ್ಕದ ಬೆಂಚಿನ ಗೆಳೆಯ ಪ್ರಯೋಗಶಾಲೆಯಲ್ಲಿ ನಮಗಿಂತ ಮುಂದು; ಟೈಟ್ರೇಷನ್ನಿನಲ್ಲಿ ಒಂದು ಹನಿ ಹೆಚ್ಚು ಬೀಳಲು ಬಿಡುತ್ತಿರಲಿಲ್ಲ. ಮೂರು ತಿಂಗಳ ಮೆಸ್ ಬಾಕಿ ಕಟ್ಟಲಾಗದೆ, ಹಾಲ್ ಟಿಕೆಟ್ ಸಿಗದೆ ಊರಿಗೆ ಹೋದ. ಮತ್ತೆ ಬರಲಿಲ್ಲ. ಆ ಬಾಕಿ, ಇಲ್ಲಿ ನಾವು ಒಂದು ಯುಗಾದಿ ಊಟಕ್ಕೆ ಕೊಡುವ ಡಾಲರುಗಳಿಗಿಂತ ಹೆಚ್ಚೇನೂ ಇದ್ದಿರಲಾರದು.

ನಿಧಿಯ ಬಡ್ಡಿಯನ್ನು ತಿಂಗಳು ತಿಂಗಳು ಹಾಸ್ಟೆಲಿನ ಮೆಸ್ಸಿಗೇ ಕಟ್ಟೋಣ. ಹೆಸರು ಬೇಕೆನ್ನುವವರು ಅಲ್ಲೊಂದು ಬೋರ್ಡು ಹಾಕಿಸಲಿ, ನಮ್ಮ ತಕರಾರಿಲ್ಲ. ಮುಂದಿನ ಸಭೆಯಲ್ಲಿ ಈ ಮಾತೆತ್ತಲಿದ್ದೇವೆ; ತಪ್ಪದೆ ಬನ್ನಿ.